ಜೇಬಿಗೆ ಎಷ್ಟುದ್ದದ ಅಲಗು?

ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸೆರಗಿನಲ್ಲಿರುವ ಸವೋಯ್ ಸೀಮೆಯಲ್ಲಿ ಕೊಡಲಿ, ಕತ್ತಿಗಳನ್ನು ಬಡಿಯುವ ಮನೆತನವೊಂದಿತ್ತು. ಆ ಮನೆಯ ಜೋಸೆಫ್ ಒಪಿನೆಲ್ 1890ರಲ್ಲಿ ಸುತ್ತಲಿನ ರೈತರಿಗೆಂದು ಒಂದು ಮಡಚುವ ಚಾಕು ಮಾಡಿದ. ಮರದ ಹಿಡಿ, ತೆಳ್ಳನೆಯ ಅಲಗು, ನಡುವೆ ಒಂದು ಕೀಲು, ಇಷ್ಟೇ. 1897ರಲ್ಲಿ ಅದಕ್ಕೇ 1ರಿಂದ 12ರವರೆಗೆ ನಂಬರು ಕೊಟ್ಟು ಹನ್ನೆರಡು ಅಳತೆಗಳಲ್ಲಿ ಮಾರಾಟಕ್ಕಿಟ್ಟ. ಆಕಾರವೂ ಮಾಡುವ ವಿಧಾನವೂ ಒಂದೇ, ಬದಲಾಗುತ್ತಿದ್ದದ್ದು ಉದ್ದ ಮಾತ್ರ. ಯಾರೂ ಹಾಗೆಂದು ಯೋಚಿಸಿರಲಿಲ್ಲವಾದರೂ ಅದೊಂದು ದೊಡ್ಡ ಪ್ರಯೋಗವೇ ಆಯಿತು: ಒಂದೇ ಚಾಕುವನ್ನು ಹನ್ನೆರಡು ಉದ್ದಗಳಲ್ಲಿ ಜನರ ಮುಂದೆ ಹರವಿ ಅವರು ಯಾವುದನ್ನು ಕೈಗೆತ್ತಿಕೊಳ್ಳುತ್ತಾರೆಂದು ನೋಡುವ ಪ್ರಯೋಗ. 1930ರ ದಶಕದಲ್ಲಿ 1ನೇ ಮತ್ತು 11ನೇ ನಂಬರುಗಳು ಪಟ್ಟಿಯಿಂದ ಬಿದ್ದುಹೋದವು. ಒಂದನೆಯದರ ಅಲಗು ಕೇವಲ ಎರಡು ಸೆಂಟಿಮೀಟರ್, ಕೆಲಸಕ್ಕೆ ಸಾಲದು. ಹನ್ನೊಂದನೆಯದಕ್ಕೆ ಅಕ್ಕಪಕ್ಕದ ಹತ್ತು ಮತ್ತು ಹನ್ನೆರಡರ ನಡುವೆ ತನ್ನದೇ ಆದ ಕೆಲಸವಿರಲಿಲ್ಲ. ಎಂಟೂವರೆ ಸೆಂಟಿಮೀಟರ್ ಅಲಗಿನ 8ನೇ ನಂಬರು ಲೋಕಪ್ರಸಿದ್ಧವಾಯಿತು.

ದಿನವೂ ಜೇಬಿನಲ್ಲೋ ಚೀಲದಲ್ಲೋ ಒಂದು ಚಾಕು ಇಟ್ಟುಕೊಳ್ಳಬೇಕೆನ್ನುವವರು ಇಂದಿಗೂ ತಡೆದು ನಿಲ್ಲುವುದು ಇದೇ ಪ್ರಶ್ನೆಯೆದುರು. ಚಿಕ್ಕದೋ ದೊಡ್ಡದೋ? 'ಎವ್ರಿಡೇ ಕ್ಯಾರಿ' ಎಂಬ ಹೆಸರಿನಲ್ಲಿ ಈಗ ನಮ್ಮ ಊರುಗಳಲ್ಲೂ ಮಾರಾಟವಾಗುವ ಚಾಕುಗಳಲ್ಲಿ ಒಂಬತ್ತು, ಹತ್ತು ಸೆಂಟಿಮೀಟರಿನ ಅಲಗೇ ಹೆಚ್ಚು. ದೊಡ್ಡದಿದ್ದರೆ ಚಿಕ್ಕದರ ಕೆಲಸವೂ ಆದೀತು, ದೊಡ್ಡ ಕೆಲಸ ಬಂದರೂ ಕೈ ಬಿಡದು ಎಂಬುದು ಅದರ ಹಿಂದಿನ ನಂಬಿಕೆ. ಕೇಳಲು ಸರಿಯೆನಿಸುವ ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ನಿತ್ಯದ ಬಳಕೆಗೆ ಆರರಿಂದ ಏಳು ಸೆಂಟಿಮೀಟರಿನ ತೆಳುವಾದ ಅಲಗು ಸಾಕು. ಬರೀ ಸಾಕು ಎನ್ನುವುದಲ್ಲ, ಬಹುತೇಕ ಕೆಲಸಗಳಲ್ಲಿ ಅದು ಉದ್ದದ ಅಲಗಿಗಿಂತ ಚೆನ್ನಾಗಿಯೇ ನಡೆಯುತ್ತದೆ. ಅದಕ್ಕಿಂತ ಉದ್ದದ್ದು ಬೇಕಾಗುವ ಕೆಲಸ ಬಂದಾಗ ಜೇಬಿನ ಚಾಕು, ಎಷ್ಟೇ ದೊಡ್ಡದಿರಲಿ, ಆ ಕೆಲಸಕ್ಕೆ ಒದಗುವುದಿಲ್ಲ.

ಮೊದಲು ಕೆಲಸಗಳನ್ನೇ ನೋಡೋಣ. ಕೊರಿಯರ್ ಡಬ್ಬಿಯ ಟೇಪು, ಹಾಲಿನ ಪ್ಯಾಕೆಟ್ಟಿನ ಮೂಲೆ, ಅಕ್ಕಿ ಮೂಟೆಯ ಹೊಲಿಗೆ, ಹೂವಿನ ದಾರ, ತೆಂಗಿನ ನಾರಿನ ಹುರಿ, ಅಂಗಿಯಿಂದ ಇಣುಕುವ ನೂಲು, ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ಕು, ಮಗುವಿನ ಪೆನ್ಸಿಲ್ಲು, ಪ್ರಯಾಣದಲ್ಲಿ ಒಂದು ಸೀಬೆಕಾಯಿ ಅಥವಾ ಮಾವಿನಹಣ್ಣು. ಇವುಗಳಲ್ಲಿ ಹೆಚ್ಚಿನವು ಬೇಡುವುದು ಅಲಗಿನ ತುದಿಯ ಎರಡು ಮೂರು ಸೆಂಟಿಮೀಟರನ್ನು. ಟೇಪು ಸೀಳುವಾಗ ಅದಕ್ಕಿಂತ ಹೆಚ್ಚು ಒಳಹೋದರೆ ಡಬ್ಬಿಯೊಳಗಿನ ಸಾಮಾನಿಗೆ ಗೀರು ಬೀಳುತ್ತದೆ. ಪೆನ್ಸಿಲ್ಲು ಹೆರೆಯುವಾಗ ಕೆಲಸ ಮಾಡುವುದು ಹಿಡಿಯ ಪಕ್ಕದಲ್ಲೇ ಇರುವ ಬುಡದ ಅಂಚು, ಏಕೆಂದರೆ ಬೆರಳಿನ ಬಲ ನೇರವಾಗಿ ತಲಪುವುದು ಅಲ್ಲಿಗೆ. ಪಟ್ಟಿಯಲ್ಲಿ ಅತಿ ಹೆಚ್ಚು ಉದ್ದ ಬೇಡುವುದು ಹಣ್ಣು. ಸೇಬಿನ ಅಡ್ಡಳತೆ ಸುಮಾರು ಏಳೆಂಟು ಸೆಂಟಿಮೀಟರ್. ಅಷ್ಟೇ ಉದ್ದದ ಅಲಗಿಲ್ಲದೆ ಅದನ್ನು ಒಂದೇ ಒತ್ತಿಗೆ ಹೋಳು ಮಾಡಲಾಗದು ನಿಜ, ಆದರೆ ಕೈಯಲ್ಲಿ ಹಣ್ಣು ಹಿಡಿದು ತಿನ್ನುವವರು ಯಾರೂ ಹಾಗೆ ಕೊಯ್ಯುವುದಿಲ್ಲ. ಅಲಗನ್ನು ನಡುವಿನವರೆಗೆ ಇಳಿಸಿ ಹಣ್ಣನ್ನು ಸುತ್ತ ತಿರುಗಿಸುತ್ತಾರೆ, ಹೋಳು ತಾನಾಗಿ ಬಿಡುತ್ತದೆ. ಇದಕ್ಕೆ ಹಣ್ಣಿನ ಅರ್ಧದಷ್ಟು ಉದ್ದ ಸಾಕು. ಮಾವಿಗಂತೂ ನಡುವೆ ಓಟೆಯಿದೆ, ಅದರ ಮಗ್ಗುಲಲ್ಲಿ ಬಾಗಿ ಸಾಗಬೇಕು, ಅಲ್ಲಿ ಉದ್ದದ ಅಲಗು ಅಡ್ಡಿಯೇ.

ಇನ್ನು ಈ ಪಟ್ಟಿಯ ಆಚೆಗಿನ ಕೆಲಸಗಳು. ಎಳನೀರು ಕೆತ್ತುವುದು, ಹಲಸು ಬಿಡಿಸುವುದು, ಕಲ್ಲಂಗಡಿ ಹೋಳು ಮಾಡುವುದು, ಬೇಲಿಯ ಗಿಡ ಸವರುವುದು, ಸೌದೆ ಸೀಳುವುದು. ಹತ್ತು ಸೆಂಟಿಮೀಟರಿನ ಮಡಚುವ ಚಾಕುವಿನಿಂದ ಇವುಗಳಲ್ಲಿ ಯಾವುದು ಆದೀತು? ಎಳನೀರಿಗೆ ಬೇಕಾದದ್ದು ತೂಕವುಳ್ಳ ಮಚ್ಚು, ಹಲಸಿಗೆ ಎಣ್ಣೆ ಸವರಿದ ದೊಡ್ಡ ಕತ್ತಿ. ಕೀಲಿನ ಮೇಲೆ ನಿಂತ ಅಲಗಿನಿಂದ ಬೀಸಿ ಹೊಡೆಯುವಂತಿಲ್ಲ. ಹೀಗೆ ಕೆಲಸಗಳು ಎರಡು ರಾಶಿಗಳಾಗಿ ನಿಲ್ಲುತ್ತವೆ: ಬೆರಳಿನ ಹತೋಟಿಯಲ್ಲಿ ಆಗುವಂಥವು ಒಂದು ಕಡೆ, ತೋಳಿನ ಬಲದಲ್ಲಿ ಆಗುವಂಥವು ಇನ್ನೊಂದು ಕಡೆ. ಜೇಬಿಗಿಳಿಯುವ ದೊಡ್ಡ ಚಾಕು ಇವೆರಡರ ನಡುವಿನ ಬಯಲಿನಲ್ಲಿ ನಿಂತಿದೆ, ಆ ಬಯಲಿನಲ್ಲಿ ಕೆಲಸವೇ ತೀರ ಕಡಿಮೆ. ಒಂದು ಬ್ರೆಡ್ಡಿನ ದಿಂಡು, ದಪ್ಪನೆಯ ಒಂದು ಹಗ್ಗ, ಇಷ್ಟು ಹೊಳೆಯುತ್ತವೆ. ಅವೂ ಚಿಕ್ಕ ಅಲಗಿಗೆ ಆಗದ ಕೆಲಸಗಳೇನಲ್ಲ, ತುಸು ಹೊತ್ತು ಹೆಚ್ಚು ಹಿಡಿದೀತು, ಅಷ್ಟೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅನಿಸಿದರೆ, ದಿನದ ಬಹುಭಾಗ ಅಲಗಿನೊಂದಿಗೇ ಕಳೆಯುವ ಜನ ಏನು ಮಾಡಿದ್ದಾರೆಂದು ನೋಡಬೇಕು. ಮಲೆನಾಡಿನ ತೋಟಿಗರು ಸೊಂಟಕ್ಕೆ ಕಟ್ಟಿದ ಕೊಕ್ಕೆಯಲ್ಲಿ ಕತ್ತಿ ಸಿಕ್ಕಿಸಿಕೊಂಡು ಹೊರಡುತ್ತಾರೆ. ಅದು ಸೊಪ್ಪು ಸವರಲು, ದಾರಿ ಬಿಡಿಸಲು. ಅದೇ ಮನುಷ್ಯನ ಎಲೆಯಡಿಕೆಯ ಸಂಚಿಯಲ್ಲಿ ಅಡಕತ್ತರಿಯೋ ಪುಟ್ಟ ಚಾಕುವೋ ಇರುತ್ತಿತ್ತು, ಅಡಿಕೆ ಹೋಳಿಗೆ. ಸೊಂಟದಲ್ಲಿ ಅಷ್ಟು ದೊಡ್ಡ ಅಲಗಿದ್ದರೂ ಚಿಕ್ಕ ಕೆಲಸಕ್ಕೆ ಅದನ್ನು ಯಾರೂ ಎಳೆಯಲಿಲ್ಲ. ಸಾವಿರಾರು ಮೈಲಿ ದೂರದ ಉತ್ತರ ಯುರೋಪಿನಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರಲ್ಲೂ ಇದೇ ಜೋಡಿಯಿದೆ. ಟೊಂಗೆ ಕಡಿಯಲು ಲೆವುಕು ಎಂಬ ಉದ್ದನೆಯ ಭಾರದ ಕತ್ತಿ, ಕುಸುರಿಗೂ ಊಟಕ್ಕೂ ಅಂಗೈ ಅಗಲದ ಅಲಗಿನ ಚಿಕ್ಕದೊಂದು. ಅಮೆರಿಕದ ಕಾಡುಗಳಲ್ಲಿ ಅಲೆದು 'ನೆಸ್ಮುಕ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರ ತನ್ನ 'ವುಡ್‌ಕ್ರಾಫ್ಟ್' ಪುಸ್ತಕದಲ್ಲಿ ಸೂಚಿಸಿದ್ದು ಒಂದು ಸಣ್ಣ ಕೊಡಲಿ, ತೆಳ್ಳನೆಯ ಅಲಗಿನ ಒಂದು ಒರೆಗತ್ತಿ, ಎರಡಲಗಿನ ಒಂದು ಜೇಬುಚಾಕು. ಅಂಗಡಿಗಳಲ್ಲಿ ಬೇಟೆಗೆಂದು ಮಾರುವ ದಪ್ಪ ಅಲಗಿನ ದೊಡ್ಡ ಕತ್ತಿಗಳು ಕೆಲಸಕ್ಕೆ ಬಾರವೆಂದು ಆತ ಖಂಡಿಸಿದ್ದಾನೆ. ಒಬ್ಬರನ್ನೊಬ್ಬರು ಕಂಡು ಕೇಳರಿಯದ ಈ ಮೂವರೂ ಮುಟ್ಟಿದ ನೆಲೆ ಒಂದೇ: ದೊಡ್ಡ ಕೆಲಸಕ್ಕೆ ನಿಜವಾಗಿಯೂ ದೊಡ್ಡದು, ಉಳಿದದ್ದಕ್ಕೆಲ್ಲ ಚಿಕ್ಕದು.

ದೊಡ್ಡದು ಚಿಕ್ಕದರ ಕೆಲಸವನ್ನೂ ಮಾಡುತ್ತದೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಅಲಗಿನ ದಪ್ಪದಲ್ಲಿದೆ. ಕೊಯ್ಯುವುದು ಅಂಚು, ಆದರೆ ಅಂಚಿನ ಹಿಂದೆ ಬರುವ ಬೆನ್ನು ಆ ಸೀಳಿನಲ್ಲಿ ತೂರಿಕೊಂಡು ಹೋಗಬೇಕು. ಬೆನ್ನು ದಪ್ಪಗಿದ್ದಷ್ಟೂ ಅಲಗು ಕೊಯ್ಯುವ ಬದಲು ಬಿರಿಸತೊಡಗುತ್ತದೆ. ಕ್ಯಾರೆಟ್ಟಿನ ಮೇಲೆ ದಪ್ಪ ಚಾಕು ಒತ್ತಿದಾಗ ಅಂಚು ಕೆಳಗೆ ಮುಟ್ಟುವ ಮೊದಲೇ ಅದು ಲಟ್ಟನೆ ಒಡೆಯುವುದು ಇದರಿಂದಲೇ. ಒಪಿನೆಲ್ ಎಂಟನೇ ನಂಬರಿನ ಬೆನ್ನು ಸುಮಾರು 1.7 ಮಿಲಿಮೀಟರ್ ದಪ್ಪ. 'ಟ್ಯಾಕ್ಟಿಕಲ್' ಎಂಬ ವಿಶೇಷಣ ಹೊತ್ತು ಬರುವ ದೊಡ್ಡ ಮಡಚು ಚಾಕುಗಳಲ್ಲಿ ಅದು ಸಾಮಾನ್ಯವಾಗಿ ಮೂರರಿಂದ ನಾಲ್ಕು ಮಿಲಿಮೀಟರ್. ಉದ್ದ ಹೆಚ್ಚಿದಂತೆ ಅಲಗು ಬಾಗಬಾರದು, ಮುರಿಯಬಾರದು ಎಂದು ತಯಾರಕರು ಉಕ್ಕು ಹೆಚ್ಚಿಸುತ್ತಾರೆ. ಮೀಟುಗೋಲಿನಂತೆ ಬಳಸಿದರೂ ತಾಳಿಕೊಳ್ಳಲೆಂಬ ಉದ್ದೇಶವೂ ಅದರಲ್ಲಿದೆ. ಆದರೆ ಚಾಕು ಮೀಟುವುದಕ್ಕಲ್ಲ. ಹಾಗಾದರೆ ತೆಳುವಾಗಿಯೂ ಉದ್ದವಾಗಿಯೂ ಇರುವ ಚಾಕುಗಳಿಲ್ಲವೇ? ಇವೆ. ಒಪಿನೆಲ್ಲಿನದೇ 12ನೇ ನಂಬರಿಗೆ ಹನ್ನೆರಡು ಸೆಂಟಿಮೀಟರಿನ ತೆಳು ಅಲಗಿದೆ, ವನಭೋಜನಕ್ಕೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ಹಿಡಿ ಅಲಗಿಗಿಂತಲೂ ಉದ್ದವಿರಬೇಕಾದ ಕಾರಣ ಮಡಚಿದಾಗಲೂ ಅದು ಪ್ಯಾಂಟಿನ ಜೇಬನ್ನು ಪೂರ್ತಿ ಆಕ್ರಮಿಸುತ್ತದೆ, ಮೊಬೈಲು ಈಗಾಗಲೇ ಕೂತಿರುವ ಜೇಬನ್ನು. ಅದು ಊಟದ ಬುಟ್ಟಿಯ ಚಾಕು.

ಜೇಬಿನ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಚಾಕುವಿನ ಸಲಹೆಗಳೆಲ್ಲ ಜೀನ್ಸ್ ತೊಟ್ಟ ಗಂಡಸಿನ ಆಳವಾದ ಜೇಬನ್ನು ಎದುರಿಗಿಟ್ಟುಕೊಂಡು ಬರುತ್ತವೆ. ನಮ್ಮಲ್ಲಿ ಪಂಚೆಗೆ ಜೇಬಿಲ್ಲ, ಸೀರೆಗಿಲ್ಲ, ಚೂಡಿದಾರಕ್ಕೆ ಇದ್ದರೂ ಮೂರು ಬೆರಳು ಹಿಡಿಸುವಷ್ಟು. ಅಂಗಿಯ ಜೇಬಿನಲ್ಲಿ ನೂರು ಗ್ರಾಮಿನ ಚಾಕು ಇಟ್ಟು ಬಾಗಿದರೆ ಅದು ನೆಲಕ್ಕೆ. ಒಪಿನೆಲ್ ಆರನೇ ನಂಬರಿನ ಅಲಗು ಏಳು ಸೆಂಟಿಮೀಟರ್, ತೂಕ ಸುಮಾರು 30 ಗ್ರಾಂ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ 84 ಮಿಲಿಮೀಟರ್ ಹಿಡಿಯ ಚಾಕುಗಳ ಅಲಗೂ ಆರೇಳು ಸೆಂಟಿಮೀಟರಿನ ಆಸುಪಾಸಿನದೇ. ಇವು ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ, ಬೀಗದ ಕೈ ಗೊಂಚಲಿನ ಪಕ್ಕದಲ್ಲಿ ಇದ್ದೂ ಇಲ್ಲದಂತೆ ಇರುತ್ತವೆ. ನಿತ್ಯದ ಸಲಕರಣೆಯ ಮೊದಲ ಗುಣ ಬೇಕಾದ ಗಳಿಗೆಯಲ್ಲಿ ಬಳಿಯಿರುವುದು. ಭಾರದ ಚಾಕು ಮೊದಲ ವಾರ ಜೇಬಿನಲ್ಲಿ, ಎರಡನೇ ವಾರ ಕಾರಿನಲ್ಲಿ, ಆಮೇಲೆ ಮೇಜಿನ ಖಾನೆಯಲ್ಲಿ ಎಂಬಂತಾಗುತ್ತದೆ, ಕಡೆಗೆ ಟೇಪನ್ನು ಹಲ್ಲಿನಿಂದಲೇ ಹರಿಯುವ ಪಾಡು.

ಭಾರದ ಈ ಮಾತಿಗೆ ಸ್ವಿಟ್ಜರ್ಲೆಂಡಿನ ಸೇನೆಯ ಕಥೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. 1889ರಲ್ಲಿ ಆ ಸೇನೆಗೆ ಹೊಸ ರೈಫಲು ಬಂತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕು, ಡಬ್ಬಿಯ ಊಟ ತೆರೆಯಲು ಇನ್ನೊಂದು ಉಪಕರಣ ಬೇಕು. ಎರಡನ್ನೂ ಒಂದೇ ಹಿಡಿಗೆ ಸೇರಿಸಿದ ಸೈನಿಕರ ಚಾಕುವನ್ನು ಮೊದಲು ಪೂರೈಸಿದ್ದು ಜರ್ಮನಿಯ ಜೋಲಿಂಗೆನ್ ಪಟ್ಟಣದ ಕಂಪನಿ. 1891ರಲ್ಲಿ ಷ್ವೀಟ್ಸ್ ಪ್ರಾಂತ್ಯದ ಈಬಾಕ್ ಊರಿನ ಕಾರ್ಲ್ ಎಲ್ಸೆನರ್ ಅದನ್ನು ಸ್ವದೇಶದಲ್ಲೇ ಮಾಡಿ ಕೊಡತೊಡಗಿದ. ಓಕ್ ಮರದ ಹಿಡಿಯ ಆ ಚಾಕು ಮಡಚಿದಾಗ ಹತ್ತು ಸೆಂಟಿಮೀಟರ್, ತೂಕ 144 ಗ್ರಾಂ. ಗಟ್ಟಿಮುಟ್ಟು, ಆದರೆ ಭಾರ. ಎಲ್ಸೆನರ್ ಅಲ್ಲಿಗೆ ನಿಲ್ಲಲಿಲ್ಲ. ಅದಕ್ಕಿಂತ ಹಗುರವೂ ನಾಜೂಕೂ ಆದ ಇನ್ನೊಂದನ್ನು ಅಧಿಕಾರಿಗಳಿಗೆಂದು ರೂಪಿಸಿ 1897ರ ಜೂನ್ 12ರಂದು ಅದರ ಹಕ್ಕು ನೋಂದಾಯಿಸಿದ. ಸೇನೆ ಅದನ್ನು ಅಧಿಕೃತ ಸಲಕರಣೆಯಾಗಿ ವಿತರಿಸಲಿಲ್ಲ. ಅಧಿಕಾರಿಗಳು ತಮ್ಮ ಕೈಯಿಂದ ಹಣ ತೆತ್ತು ಕೊಂಡರು. ಜಗತ್ತು ಇಂದು ಸ್ವಿಸ್ ಆರ್ಮಿ ಚಾಕು ಎಂದು ಗುರುತಿಸುವುದು ಆ ಎರಡನೆಯ ಚಾಕುವಿನ ವಂಶವನ್ನು, ಸರ್ಕಾರ ಕೊಟ್ಟ ಮೊದಲನೆಯದನ್ನಲ್ಲ. ಸ್ವಂತ ಹಣ ಹಾಕಿ ಸ್ವಂತ ಜೇಬಿನಲ್ಲಿ ಹೊರುವವರು ಹಗುರವಾದದ್ದನ್ನೇ ಆರಿಸಿದರೆಂಬುದು ಇಲ್ಲಿ ನಾವು ಗಮನಿಸಬೇಕಾದ ಸಂಗತಿ. ಸೇನೆಯೂ ಅದೇ ದಿಕ್ಕಿನಲ್ಲಿ ಸಾಗಿತು: 1961ರ ಸೈನಿಕರ ಚಾಕು 93 ಮಿಲಿಮೀಟರ್, 72 ಗ್ರಾಂ, ಅಂದರೆ ಮೊದಲಿನದರ ಸರಿಯಾಗಿ ಅರ್ಧ ತೂಕ.

ಇಲ್ಲಿ ಇತಿಹಾಸ ಬಲ್ಲವರು ತಡೆದು ಕೇಳಬಹುದು. 2008ರಲ್ಲಿ ಅದೇ ಸೇನೆ ಮತ್ತೆ ದೊಡ್ಡದಕ್ಕೆ ಮರಳಿತಲ್ಲ? ಹೌದು. ಹೊಸ ಸೈನಿಕರ ಚಾಕು 111 ಮಿಲಿಮೀಟರ್, 131 ಗ್ರಾಂ, ಅಲಗಿಗೆ ಲಾಕು, ಒಂದೇ ಕೈಯಲ್ಲಿ ತೆರೆಯಲು ಅಲಗಿನಲ್ಲೊಂದು ಕಿಂಡಿ, ಜೊತೆಗೆ ಮರ ಕೊಯ್ಯುವ ಗರಗಸ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಆದರೆ ಅದು ಹೇಳುವುದೇನೆಂದು ನೋಡಬೇಕು. ಕೈಗವಸು ತೊಟ್ಟ, ಇನ್ನೊಂದು ಕೈಯಲ್ಲಿ ಹಗ್ಗವೋ ಆಯುಧವೋ ಹಿಡಿದ, ಸಮವಸ್ತ್ರದ ಅಗಲ ಜೇಬುಗಳುಳ್ಳ ಮನುಷ್ಯನಿಗೆ ಬೇಕಾದದ್ದನ್ನು ಸೇನೆ ಕೊಟ್ಟಿದೆ. ಹೆಚ್ಚಿದ ತೂಕದಲ್ಲಿ ಗರಗಸ, ಲಾಕುಗಳ ಪಾಲೂ ಇದೆ. ಅಂಥ ಕೆಲಸವಿರುವವರಿಗೆ, ಅಗ್ನಿಶಾಮಕ ದಳದವರಿಗೆ, ಚಾರಣದ ಮಾರ್ಗದರ್ಶಿಗಳಿಗೆ, ದೋಣಿಯಲ್ಲಿ ದುಡಿಯುವವರಿಗೆ ದೊಡ್ಡ ಚಾಕು ಸರಿಯಾದ ಆಯ್ಕೆಯೇ. ಅದು ಅವರ ಕಸುಬಿನ ಚಾಕು. ಕಚೇರಿ, ಕಾಲೇಜು, ಬಸ್ಸು, ಸಂತೆಗಳ ನಡುವೆ ದಿನ ಕಳೆಯುವವರ ಅಗತ್ಯ ಬೇರೆ.

ಸುರಕ್ಷತೆಯ ವಿಷಯದಲ್ಲಿ ದೊಡ್ಡ ಚಾಕುವಿನ ಪರ ಇರುವವರ ವಾದ ಹೆಚ್ಚು ಬಲವಾದದ್ದು. ಚಿಕ್ಕ ಚಾಕುಗಳಲ್ಲಿ ಹಲವಕ್ಕೆ ಲಾಕಿಲ್ಲ, ಸ್ಪ್ರಿಂಗಿನ ಬಿಗಿಯೊಂದೇ ಅಲಗನ್ನು ನಿಲ್ಲಿಸುತ್ತದೆ. ಅದು ಬೆರಳ ಮೇಲೆ ಮಡಚಿಕೊಂಡರೆ? ಈ ಭಯ ನ್ಯಾಯವಾದದ್ದು. ಆದರೆ ಅಲಗನ್ನು ಮಡಚಲು ನೋಡುವ ಬಲ ಎಷ್ಟೆಂಬುದು ಕೀಲಿನಿಂದ ಎಷ್ಟು ದೂರದಲ್ಲಿ ಒತ್ತಡ ಬಿತ್ತೆಂಬುದನ್ನು ಅವಲಂಬಿಸಿದೆ. ಹತ್ತು ಸೆಂಟಿಮೀಟರಿನ ಅಲಗಿನ ತುದಿಗೆ ಬಿದ್ದ ಒತ್ತಡ ಕೀಲಿನ ಮೇಲೆ ಬೀರುವ ಪ್ರಭಾವ ಐದು ಸೆಂಟಿಮೀಟರಿನ ಅಲಗಿನ ತುದಿಗೆ ಬಿದ್ದ ಅದೇ ಒತ್ತಡದ ಎರಡರಷ್ಟು. ಉದ್ದದ ಅಲಗಿಗೆ ಲಾಕು ಬೇಕೇ ಬೇಕಾಗುವುದು ಇದಕ್ಕೆ. ಒಪಿನೆಲ್ ಕೂಡ 1955ರಲ್ಲಿ, ಮಾರ್ಸೆಲ್ ಒಪಿನೆಲ್ ರೂಪಿಸಿದ ತಿರುಗು ಉಂಗುರವನ್ನು ತನ್ನ ಚಾಕುಗಳಿಗೆ ಸೇರಿಸಿತು, ಅತಿ ಚಿಕ್ಕವುಗಳಿಗೆ ಮಾತ್ರ ಅದರ ಅಗತ್ಯ ಕಾಣಲಿಲ್ಲ. ಲಾಕು ಇದೆಯೆಂಬ ಧೈರ್ಯದಿಂದ ಚುಚ್ಚುವುದು, ಮೀಟುವುದು ಶುರುವಾಗುತ್ತದೆ, ಅಪಾಯವಿರುವುದು ಆ ಚಲನೆಗಳಲ್ಲೇ. ಇನ್ನು ಹತೋಟಿಯ ಮಾತು. ತುದಿ ಬೆರಳಿಗೆ ಹತ್ತಿರವಿದ್ದಷ್ಟೂ ಅದು ಎಲ್ಲಿದೆಯೆಂದು ಕೈಗೆ ಚೆನ್ನಾಗಿ ತಿಳಿಯುತ್ತದೆ. ತೋರುಬೆರಳನ್ನು ಅಲಗಿನ ಬೆನ್ನ ಮೇಲಿಟ್ಟರೆ ಆರು ಸೆಂಟಿಮೀಟರಿನ ಚಾಕುವಿನ ಮೊನೆ ಹೆಚ್ಚುಕಡಿಮೆ ಬೆರಳ ತುದಿಯ ಹತ್ತಿರವೇ ಬರುತ್ತದೆ. ಹತ್ತು ಸೆಂಟಿಮೀಟರಿನದು ಬೆರಳಿಂದಾಚೆಗೆ ಚಾಚಿಕೊಂಡು, ಡಬ್ಬಿ ಹಿಡಿದ ಇನ್ನೊಂದು ಕೈಯತ್ತ ಎಷ್ಟು ಸರಿಯಿತೆಂಬ ಅಂದಾಜೇ ಸಿಗುವುದಿಲ್ಲ.

ಇದೆಲ್ಲ ಕೆಲಸದ ಮಾತು. ಆದರೆ ಅಲಗು ನಾಲ್ಕು ಜನರ ನಡುವೆ ತೆರೆದುಕೊಳ್ಳುವ ವಸ್ತು, ಆ ನಾಲ್ವರ ಮನಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೊಡ್ಡ ಅಲಗಿನ ಬಗ್ಗೆ ನಮ್ಮ ಸಮಾಜಕ್ಕೆ ಸಾರಾಸಗಟು ಭಯವಿಲ್ಲ. ಕತ್ತಿ ಸಿಕ್ಕಿಸಿಕೊಂಡು ರಸ್ತೆಯಲ್ಲಿ ನಡೆಯುವ ತೋಟದ ಆಳನ್ನು ಮಲೆನಾಡಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕೊಡವರ ಮದುವೆಯಲ್ಲಿ ಕುಪ್ಯವೆಂಬ ನಿಲುವಂಗಿಯ ಮೇಲೆ ಕಟ್ಟಿದ ಚೇಲೆಯೆಂಬ ನಡುಪಟ್ಟಿಗೆ ಸಿಕ್ಕಿಸಿದ ಪೀಚೆಕತ್ತಿ ಗೌರವದ ಗುರುತು. ಸಿಖ್ಖರ ಕಿರ್ಪಾಣಕ್ಕೆ ದೇಶದೊಳಗಿನ ವಿಮಾನಗಳಲ್ಲೂ ಅಳತೆಯ ಮಿತಿಯೊಳಗೆ ಅವಕಾಶವಿದೆ: ಅಲಗು ಆರು ಇಂಚು, ಒಟ್ಟು ಉದ್ದ ಒಂಬತ್ತು ಇಂಚು ಮೀರಬಾರದು. ಈ ಮೂರೂ ಎಲ್ಲರಿಗೂ ತಿಳಿದಿರುವ ಅಲಗುಗಳು, ಯಾಕೆ ಇವೆಯೆಂದು ಕೇಳುವ ಅಗತ್ಯವೇ ಬೀಳದಂಥವು. ಜನರನ್ನು ಬೆಚ್ಚಿಸುವುದು ಮಡಚಿಟ್ಟ ಉದ್ದ, ಬರಿಗೈ ಎಂದುಕೊಂಡ ಕೈಯಿಂದ ಹಠಾತ್ತನೆ ಹೊರಬರುವ ಅಲಗು. ಉತ್ತರ ಪ್ರದೇಶದ ರಾಂಪುರದಲ್ಲಿ ಆದದ್ದು ಅದೇ. ಅಲ್ಲಿನ ಕುಶಲಕರ್ಮಿಗಳು ಮಾಡುತ್ತಿದ್ದ ರಾಂಪುರಿ ಚಾಕು ಸೊಗಸಾದ ಕೈಕಸುಬು, ಆದರೆ ಒಂಬತ್ತು ಹತ್ತು ಇಂಚಿನ ಅಲಗು ಜೇಬಿನೊಳಗೆ ಅಡಗುತ್ತಿತ್ತು, ಹಿಂದಿ ಸಿನಿಮಾದ ಖಳರ ಕೈಯಲ್ಲಿ ಅದು ಕುಖ್ಯಾತವಾಯಿತು. 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ತಯಾರಿಕೆಯನ್ನು ಅಲ್ಲಿನ ಸರ್ಕಾರ ನಿಷೇಧಿಸಿದ ಮೇಲೆ ಆ ಕಸುಬು ಸೊರಗಿತು. 2023ರಲ್ಲಿ ಊರಿನ ಚೌಕದಲ್ಲಿ ಇಪ್ಪತ್ತು ಅಡಿಯ ರಾಂಪುರಿ ಚಾಕುವನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ನಮ್ಮಲ್ಲಿ 1995ರ 'ಓಂ' ಚಿತ್ರದಿಂದೀಚೆಗೆ ಲಾಂಗು, ಮಚ್ಚುಗಳು ತೆರೆಯ ಮೇಲೆ ಎಷ್ಟು ಮೆರೆದಿವೆಯೆಂದರೆ, ನಗರದಲ್ಲಿ ಹೊಳೆಯುವ ಅಲಗು ಕಂಡರೆ ಮೊದಲು ಬರುವ ನೆನಪು ಅವುಗಳದೇ. ಕಚೇರಿಯಲ್ಲಿ ಹುಟ್ಟುಹಬ್ಬದ ಕೇಕಿನ ಡಬ್ಬಿ ಬಿಚ್ಚಲು ಒಬ್ಬರು ಬೆರಳುದ್ದದ ಚಾಕು ತೆಗೆದರೆ ಯಾರಿಗೂ ಏನೂ ಅನಿಸದು. ಗಕ್ಕನೆ ಸಿಡಿದು ಲಾಕಾಗುವ ಕಪ್ಪು ಅಲಗು ಹೊರಬಂದರೆ ಪಕ್ಕದಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹಾಗೆ ಸರಿಯುವವರ ಅಂಜಿಕೆ ಗೌರವಿಸಬೇಕಾದದ್ದು.

ಕಾನೂನೂ ಇದೇ ಹಾದಿಯಲ್ಲಿ ನಡೆದಿದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುವುದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು, ಅದರಲ್ಲೂ ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಹೊರತುಪಡಿಸಿ. ಈ ಅಳತೆಗೆ ಯಾವ ಸಾಮಾನ್ಯ ಜೇಬುಚಾಕುವೂ ಸಿಲುಕುವುದಿಲ್ಲ. ಆದರೆ ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಸ್ಪ್ರಿಂಗು, ಗುಂಡಿ ಮೊದಲಾದ ಯಾಂತ್ರಿಕ ವ್ಯವಸ್ಥೆಯಿಂದ ತೆರೆಯುವ, 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲದ ಅಲಗುಗಳನ್ನು ನಿರ್ಬಂಧಿಸಿತು. 7.62 ಅಂದರೆ ಮೂರು ಇಂಚು. ಇಂಗ್ಲೆಂಡಿನ 1988ರ ಕಾಯ್ದೆಯೂ ಗೆರೆ ಎಳೆದಿರುವುದು ಅದೇ ಮೂರು ಇಂಚಿಗೆ: ಅಷ್ಟರೊಳಗಿನ ಮಡಚು ಚಾಕುವನ್ನು ಕಾರಣ ಹೇಳದೆ ಒಯ್ಯಬಹುದು, ಆದರೆ ಲಾಕು ಇರಬಾರದೆಂದು ಅಲ್ಲಿನ ನ್ಯಾಯಾಲಯ ಸ್ಪಷ್ಟಪಡಿಸಿತು. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಲಾಕಾಗುವ ಚಾಕುವನ್ನು ತಕ್ಕ ಕಾರಣವಿಲ್ಲದೆ ಹೊತ್ತು ತಿರುಗುವಂತಿಲ್ಲ. ಲಂಡನ್ನಿಗೋ ಫ್ರಾಂಕ್‌ಫರ್ಟಿಗೋ ಕೆಲಸಕ್ಕೆ ಹೋಗುವ ಕನ್ನಡಿಗರು ಇದನ್ನು ತಿಳಿದಿರಲೇಬೇಕು, ಬೆಂಗಳೂರಿನಲ್ಲಿ ನಿರಪಾಯವಾಗಿ ಕೊಂಡದ್ದು ಅಲ್ಲಿ ಅಪರಾಧವಾದೀತು. ಮೂರು ದೇಶಗಳೂ ಶಂಕಿಸಿದ್ದು ಉದ್ದ, ವೇಗ, ಲಾಕು ಎಂಬ ಮೂರನ್ನೇ; ಚಿಕ್ಕ, ಎರಡು ಕೈಯಲ್ಲಿ ತೆರೆಯುವ ಸರಳ ಚಾಕು ಮೂರರಿಂದಲೂ ಪಾರಾಗುತ್ತದೆ. ವಿಮಾನದ ವಿಷಯ ಮಾತ್ರ ಬೇರೆ. ಯುರೋಪಿನ ನಿಯಮ ಕ್ಯಾಬಿನ್ನಿನಲ್ಲಿ ನಿಷೇಧಿಸಿರುವುದು ಆರು ಸೆಂಟಿಮೀಟರ್ ಮೀರಿದ ಅಲಗನ್ನು. ಅಮೆರಿಕ 2013ರ ಮಾರ್ಚಿನಲ್ಲಿ ಅಂಥದೇ ಸಡಿಲಿಕೆ ಘೋಷಿಸಿ, ವಿಮಾನ ಸಿಬ್ಬಂದಿಯ ಪ್ರತಿಭಟನೆಯ ನಂತರ ಜೂನಿನಲ್ಲಿ ಕೈಬಿಟ್ಟಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಚಿಕ್ಕದನ್ನೂ ಕ್ಯಾಬಿನ್ನಿಗೆ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಇಡಬೇಕು. ವಿಕ್ಟೋರಿನಾಕ್ಸ್ ಕಂಪನಿಯೇ ಇಂಥ ನಿಯಮಗಳ ಒತ್ತಡಕ್ಕೆ ಅಲಗೇ ಇಲ್ಲದ ಜೇಬುಪಕರಣಗಳನ್ನು ರೂಪಿಸುತ್ತಿರುವುದಾಗಿ 2024ರಲ್ಲಿ ತಿಳಿಸಿತು.

ದೊಡ್ಡ ಚಾಕು ಕೊಳ್ಳುವವರಲ್ಲಿ ಹಲವರು ಬಾಯಿಬಿಟ್ಟು ಹೇಳದ ಕಾರಣವೊಂದಿದೆ, ಆತ್ಮರಕ್ಷಣೆ. ಇದಕ್ಕೆ ನೇರವಾಗಿ ಉತ್ತರಿಸಬೇಕು. ಚಾಕು ರಕ್ಷಣೆಯ ಸಾಧನವಲ್ಲ. ಅದು ಹೊಡೆತವನ್ನು ತಡೆಯುವುದಿಲ್ಲ, ದೂರ ನಿಲ್ಲಿಸುವುದಿಲ್ಲ, ಬಳಸಬೇಕಾದರೆ ಎದುರಾಳಿಯ ತೋಳಳತೆಯೊಳಗೆ ಹೋಗಲೇಬೇಕು, ಆ ಗಡಿಬಿಡಿಯಲ್ಲಿ ಅದು ಯಾರ ಕೈಗೆ ಹೋಗುವುದೋ ಹೇಳಲಾಗದು. ಕಾನೂನಿನ ಕಣ್ಣಿಗೂ ಅದು ಭಾರವೇ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಗಾಯಕ್ಕೆ ಒಂದು ವರ್ಷದವರೆಗೆ ಸಜೆಯಿದ್ದರೆ, ಕೊಯ್ಯುವ ಇರಿಯುವ ಸಾಧನದಿಂದ ಆದ ಅದೇ ಗಾಯಕ್ಕೆ 118ನೇ ಕಲಮಿನಡಿ ಮೂರು ವರ್ಷದವರೆಗೆ. ಖಾಸಗಿ ರಕ್ಷಣೆಯ ಹಕ್ಕು ನಮಗಿದೆ, ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಲ್ಲ ಅದು. ರಾತ್ರಿ ಒಬ್ಬರೇ ಓಡಾಡಬೇಕಾದವರ, ವಿಶೇಷವಾಗಿ ಹೆಣ್ಣುಮಕ್ಕಳ ಆತಂಕ ನಿಜವಾದದ್ದು. ಆ ಆತಂಕಕ್ಕೆ ಮೂರಿಂಚಿನ ಬದಲು ನಾಲ್ಕಿಂಚಿನ ಅಲಗು ಮಾರುವವರು ಅವರಿಗೆ ಉಪಕಾರ ಮಾಡುತ್ತಿಲ್ಲ.

ಚಿಕ್ಕದರ ಪರ ಇಷ್ಟು ಹೇಳಿದ ಮೇಲೆ ಅದಕ್ಕೂ ಒಂದು ಕೆಳಮಿತಿಯಿದೆಯೆಂದು ಒಪ್ಪಬೇಕು. ವಿಕ್ಟೋರಿನಾಕ್ಸಿನ 58 ಮಿಲಿಮೀಟರಿನ ಕ್ಲಾಸಿಕ್ ಜಗತ್ತಿನಾದ್ಯಂತ ಬೀಗದ ಕೈ ಗೊಂಚಲುಗಳಲ್ಲಿ ತೂಗುತ್ತದೆ. ತೂಕ 21 ಗ್ರಾಂ, ಅಲಗು ಮೂರೂವರೆ ಸೆಂಟಿಮೀಟರ್. ಟೇಪಿಗೆ, ದಾರಕ್ಕೆ ಅದು ಸಾಕು. ಆದರೆ ಹಿಡಿ ಎರಡು ಬೆರಳಿಗಷ್ಟೇ ಸಿಗುತ್ತದೆ, ದಪ್ಪ ರಟ್ಟನ್ನು ಉದ್ದಕ್ಕೆ ಕೊಯ್ಯಹೊರಟರೆ ಅಂಗೈಯಲ್ಲಿ ತಿರುಚಿಕೊಳ್ಳುತ್ತದೆ. ಕೈ ದೊಡ್ಡದಿರುವವರಿಗೆ, ಬೆರಳಿನ ಕೀಲುನೋವಿರುವ ಹಿರಿಯರಿಗೆ ಅದು ಕಷ್ಟ. ದೊಡ್ಡ ಚಾಕುವಿನ ಪರವಾದ ವಾದಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗುವುದು ಇದೊಂದೇ: ಹಿಡಿ ಕೈತುಂಬ ಇರಬೇಕು. ಆದರೆ ಅದು ಹಿಡಿಯ ಮಾತು, ಅಲಗಿನದಲ್ಲ. ಹಿಡಿಯನ್ನು ಕೈಗೆ ತಕ್ಕಂತೆ, ಅಲಗನ್ನು ಕೆಲಸಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಅಳೆದರೆ ಗೊಂದಲ ತೀರುತ್ತದೆ. ಏಳು ಸೆಂಟಿಮೀಟರಿನ ಅಲಗಿಗೆ ಒಂಬತ್ತು ಸೆಂಟಿಮೀಟರಿನ ಹಿಡಿ ಬಹುತೇಕ ಕೈಗಳಿಗೆ ನಾಲ್ಕು ಬೆರಳೂ ಕೂರುವಷ್ಟಾಗುತ್ತದೆ, ಸಾಲದೆನ್ನುವವರು 91 ಮಿಲಿಮೀಟರಿನ ಸ್ವಿಸ್ ಚಾಕುವಿನತ್ತ ಅಥವಾ ಒಪಿನೆಲ್ ಏಳನೇ ನಂಬರಿನತ್ತ ಹೋಗಬಹುದು. ಎಂಟನೆಯದೇ ಪ್ರಸಿದ್ಧವಲ್ಲವೇ ಎಂದರೆ, ಅದು ಹೊಲದಲ್ಲಿ ರೊಟ್ಟಿ, ಚೀಸು ಕೊಯ್ದು ಉಣ್ಣುವ ರೈತನ ಊಟಕ್ಕೆ ಒಗ್ಗಿದ ಅಳತೆ. ನಮ್ಮ ಬುತ್ತಿಯ ರೊಟ್ಟಿಗೆ ಚಾಕು ಬೇಕಿಲ್ಲ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ನೋಡಬೇಕಾದದ್ದು ಇಷ್ಟು. ತೆರೆದ ಅಲಗು ಅಕ್ಕಪಕ್ಕಕ್ಕೆ ಅಲುಗಬಾರದು. ಬೆನ್ನು ಎರಡೂವರೆ ಮಿಲಿಮೀಟರಿಗಿಂತ ದಪ್ಪವಿದ್ದರೆ ಬೇಡ. ಉಗುರು ಮುರಿಯದೆ ತೆರೆಯಲಾಗಬೇಕು, ಹಿಡಿಯ ಅಂಚು ಅಂಗೈಗೆ ಒತ್ತಬಾರದು. ಉಕ್ಕಿನ ಆಯ್ಕೆಯಲ್ಲಿ ಯುರೋಪಿನವರ ಮಾತು ಕೇಳಿ ಕಾರ್ಬನ್ ಉಕ್ಕಿಗೆ ಹೋಗುವ ಮೊದಲು ನಮ್ಮ ಹವೆ ನೆನಪಿರಲಿ. ಕಾರ್ಬನ್ ಉಕ್ಕಿಗೆ ಒಳ್ಳೆಯ ಅಂಚು ಬರುತ್ತದೆ, ಆದರೆ ಮಾವಿನ ಸೊನೆ, ನಿಂಬೆಯ ಹುಳಿ ತಾಗಿದರೆ ಕಪ್ಪಾಗುತ್ತದೆ, ಕರಾವಳಿಯ ಉಪ್ಪು ಗಾಳಿಯಲ್ಲಿ ಒರೆಸದೆ ಬಿಟ್ಟರೆ ಬೇಗನೆ ತುಕ್ಕು. ಮರದ ಹಿಡಿಯೂ ಆಗುಂಬೆ, ಮಡಿಕೇರಿಯ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಬಯಲುಸೀಮೆಯವರಿಗೆ ಈ ಚಿಂತೆಯಿಲ್ಲ. ಘಟ್ಟದವರಿಗೂ ಕರಾವಳಿಯವರಿಗೂ ಸ್ಟೇನ್‌ಲೆಸ್ ಅಲಗು, ಪ್ಲಾಸ್ಟಿಕ್ ಅಥವಾ ಲೋಹದ ಹಿಡಿ ಲೇಸು. ಸ್ವಿಸ್ ಚಾಕುವಿನ ಉಕ್ಕು ತುಸು ಮೆದು, ರಾಕ್‌ವೆಲ್ ಗಡಸುತನದಲ್ಲಿ 55-56ರ ಆಸುಪಾಸು. ದಿನವೂ ಬಳಸಿದರೆ ತಿಂಗಳಿಗೊಮ್ಮೆಯಾದರೂ ಮಸೆಯಬೇಕಾಗುತ್ತದೆ, ಆದರೆ ಮಸೆಯಲು ಹೊಳಪು ಮಾಡದ ಪಿಂಗಾಣಿ ಬಟ್ಟಲಿನ ಅಡಿಯಂಚು ಸಾಕು, ಆರು ಸೆಂಟಿಮೀಟರ್ ಅಲಗಿಗೆ ಐದು ನಿಮಿಷದ ಕೆಲಸ. ತೋಟದ ಕೆಲಸವಿರುವವರು ಕತ್ತಿಯನ್ನು ಸೊಂಟದ ಕೊಕ್ಕೆಯಲ್ಲೇ ಇರಿಸಿಕೊಳ್ಳಲಿ, ಚಾರಣಕ್ಕೆ ಹೊರಟವರು ದೊಡ್ಡದನ್ನು ಬೆನ್ನುಚೀಲದಲ್ಲಿ ಒರೆಯೊಳಗೆ ಇಡಲಿ. ಊರಿಗೆ ಮರಳಿ ಬಸ್ಸು ಹತ್ತುವ ಮುನ್ನ ಅದು ಚೀಲದ ತಳ ಸೇರಿರಲಿ.